ಟೈಮಿಂಗ್ ಬೆಲ್ಟ್ ಬದಲಿಸಿದಿರಾ? ಕೀ ತಿರುಗಿಸೋ ಮೊದಲು ಎಂಜಿನ್ನನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಿ

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದೆ. ಆದರೂ ಆ ಕಾರು, ಜೊತೆಗೆ ಓಮ್ನಿ, ಹಳೆ ಆಲ್ಟೊ ನಮ್ಮ ಕಡೆ ಇನ್ನೂ ಓಡ್ತಾನೇ ಇವೆ. ಇವುಗಳ 796 ಸಿಸಿ, ಮೂರು ಸಿಲಿಂಡರ್ ಎಂಜಿನ್‌ನಲ್ಲಿರೋದು ರಬ್ಬರ್ ಟೈಮಿಂಗ್ ಬೆಲ್ಟ್. ಮನೆ ಅಂಗಳದಲ್ಲೇ ಅದನ್ನು ಬದಲಿಸುವವರೂ ಇದ್ದಾರೆ. (ಆಲ್ಟೊ ಕೆ10ನಲ್ಲಿ ಚೈನ್ ಇದೆ, ಈ ಮಾಹಿತಿ ಅದಕ್ಕಲ್ಲ.)

ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಸುತ್ತುವಾಗ ಮೇಲಿನ ಕ್ಯಾಮ್ ಒಂದೇ ಸುತ್ತು ಸುತ್ತಬೇಕು. ಪಿಸ್ಟನ್ ಮೇಲೆ ಬರುವುದಕ್ಕೂ ವಾಲ್ವ್ ತೆರೆದು ಮುಚ್ಚುವುದಕ್ಕೂ ಇರುವ ಈ ಹೊಂದಾಣಿಕೆಯೇ ಟೈಮಿಂಗ್. ಕ್ರ್ಯಾಂಕ್ ಗೇರ್‌ಗೆ 20 ಹಲ್ಲು ಇದೆ ಅಂದುಕೊಳ್ಳಿ. ಬೆಲ್ಟ್ ಒಂದೇ ಹಲ್ಲು ಆಚೀಚೆ ಆದರೂ 18 ಡಿಗ್ರಿ ವ್ಯತ್ಯಾಸ ಬರುತ್ತೆ. ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಎಳೆಯೋದಿಲ್ಲ. ಜಾಸ್ತಿ ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿದು ವಾಲ್ವ್ ಬಗ್ಗುತ್ತದೆ. ಆಮೇಲೆ ಹೆಡ್ ಇಳಿಸದೆ ಬೇರೆ ದಾರಿ ಇಲ್ಲ.

ಹಳೆ ಬೆಲ್ಟ್ ಬಿಚ್ಚುವ ಮೊದಲೇ ಬ್ಯಾಟರಿ ವೈರ್ ತೆಗೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಎಂಜಿನ್ ಹಗುರವಾಗಿ ತಿರುಗುತ್ತೆ.

ಈಗ ಎರಡೂ ಗುರುತುಗಳನ್ನು ಹೊಂದಿಸಿ, ವೈಟ್ನರ್‌ನಿಂದ ಚುಕ್ಕೆ ಹಾಕಿಕೊಳ್ಳಿ. ಹೆಚ್ಚಿನವರು ಎಡವೋದು ಇಲ್ಲೇ. ಒಂದನೇ ಪಿಸ್ಟನ್ ಪ್ರತಿ ಎರಡು ಸುತ್ತಿಗೆ ಎರಡು ಸಲ ಮೇಲೆ ಬರುತ್ತದೆ. ಹಾಗಾಗಿ ಕ್ರ್ಯಾಂಕ್ ಗುರುತೊಂದೇ ಸರಿಯಾದರೆ ಸಾಲದು, ಕ್ಯಾಮ್ ಗೇರ್‌ನ ಗುರುತೂ ಹಿಂದಿನ ಗುರುತಿಗೆ ನೇರ ನಿಲ್ಲಬೇಕು. ಹೊರಗಿನ ಪುಲ್ಲಿ ನೋಡಬೇಡಿ. ಒಳಗಿನ ಕ್ರ್ಯಾಂಕ್ ಗೇರ್‌ನ ಗುರುತೇ ಲೆಕ್ಕ. ಬೆಲ್ಟ್ ತೆಗೆದ ಮೇಲೆ ಎರಡನ್ನೂ ಅಲ್ಲಾಡಿಸಬೇಡಿ. ಹಳೆ ಬೆಲ್ಟ್‌ಗೆ ಆಯಿಲ್ ಹತ್ತಿದ್ದರೆ ಸೀಲ್ ಸೋರ್ತಿದೆ ಅಂತ ಅರ್ಥ. ಅದನ್ನು ಬದಲಿಸದೆ ಹೊಸ ಬೆಲ್ಟ್ ಹಾಕೋದು ದಂಡ.

ಹೊಸ ಬೆಲ್ಟ್ ಹಾಕುವಾಗ ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಲಿ, ಸಡಿಲವೆಲ್ಲ ಟೆನ್ಷನರ್ ಕಡೆ ಬರಲಿ. ಟೆನ್ಷನರ್ ಬೋಲ್ಟ್ ಪೂರ್ತಿ ಬಿಗಿ ಮಾಡದೆ, ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಉಳಿದ ಸಡಿಲ ಸ್ಪ್ರಿಂಗ್‌ಗೆ ಸಿಗುತ್ತೆ, ಕ್ಯಾಮ್ ಕೂಡ ಒಂದು ಸುತ್ತು ಮುಗಿಸುತ್ತೆ. ಆಮೇಲೆ ಬೋಲ್ಟ್ ಬಿಗಿ ಮಾಡಿ, ಗುರುತು ಮತ್ತೆ ನೋಡಿ. ಕೂದಲೆಳೆಯಷ್ಟು ಅನುಮಾನ ಬಂದರೂ ಬಿಚ್ಚಿ ಮತ್ತೆ ಹಾಕಿ. ನಡುವೆ ಎಲ್ಲಾದರೂ ಟಕ್ ಅಂತ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ವಾಲ್ವ್‌ಗೆ ಪಿಸ್ಟನ್ ತಾಗಿರಬಹುದು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ಪಿಕಪ್ ಇಲ್ಲ, ಕಾರ್ಬ್ಯುರೇಟರ್‌ನಲ್ಲಿ ಫಟ್ ಅನ್ನುತ್ತೆ ಅಂತಾದರೆ ಕೆಲವರು ತಕ್ಷಣ ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿ ಮಾಡಲು ನೋಡ್ತಾರೆ. ಬೆಲ್ಟ್ ಒಂದು ಹಲ್ಲು ತಪ್ಪಿದ್ದರೆ ಅದರಿಂದ ತಪ್ಪು ಮುಚ್ಚಿಹೋಗುತ್ತೆ ಅಷ್ಟೇ. ಮೊದಲು ಕವರ್ ತೆಗೆದು ಗುರುತು ನೋಡಿ. ಬೆಲ್ಟ್ ಸರಿಯಿದ್ದರೆ ಮಾತ್ರ ಟೈಮಿಂಗ್ ಲೈಟ್ ಅನ್ನು ಒಂದನೇ ಪ್ಲಗ್ ವೈರ್‌ಗೆ ಸಿಕ್ಕಿಸಿ ಸ್ಪಾರ್ಕ್ ಸಮಯ ಹೊಂದಿಸಬೇಕು. ಏರು ರಸ್ತೆಯಲ್ಲಿ ಟಕಟಕ ಸದ್ದು ಬಂದರೆ ಸ್ಪಾರ್ಕ್ ಬೇಗ ಆಗ್ತಿರಬಹುದು, ಎಳೆತವಿಲ್ಲದೆ ಎಂಜಿನ್ ಬಿಸಿಯಾದರೆ ತಡವಾಗ್ತಿರಬಹುದು. ಎಂಪಿಎಫ್‌ಐ ಗಾಡಿಯಲ್ಲಿ ಇದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ. ಅದರ ತಪಾಸಣೆ ಕ್ರಮವೇ ಬೇರೆ, ಅಲ್ಲಿ ಅಂದಾಜಿನ ಮೇಲೆ ಕೈ ಹಾಕಬೇಡಿ.