ಕಾಳಿಗೊಂದು ಕಲ್ಲು, ಮುತ್ಯಾಗೊಂದು ಕೌದಿ

ಇಯರ್‌ಫೋನ್ ಹಾಕ್ಕೊಂಡ್ರಾ? ಹಿಂದೆ ಗೊರಕೆ ಕೇಳಿಸಿದ್ರೆ ನಿಮ್ಮ ಫೋನ್ ಕೆಟ್ಟಿದೆ ಅಂದ್ಕೋಬೇಡಿ. ಅದು ನನ್ನ ಕಾಲ ಹತ್ರ ಮಲಗಿರೋ ಮುತ್ಯಾನದು. ಮುತ್ಯಾ ಅಂದ್ರೆ ನಮ್ಮ ಕಡೆ ಅಜ್ಜ. ಇವನು ನಮ್ಮನೆ ನಾಯಿ.

ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಕಳೆದ ವರ್ಷ ಒಂದು ಮನೆಯವರು ಸಾಮಾನು ಲಾರಿಗೆ ಏರಿಸಿಕೊಂಡು ಊರು ಬಿಟ್ಟರು. ನಾಯಿಯನ್ನು ಮಾತ್ರ ಬಿಟ್ಟು ಹೋದರು. ಹನ್ನೊಂದು ದಿನ ಅದು ಬೀಗ ಹಾಕಿದ ಬಾಗಿಲ ಮುಂದೆಯೇ ಕೂತಿತ್ತು. ಹನ್ನೆರಡನೇ ದಿನ ಮಳೆ ಬಂತು. ನಾನು ಎತ್ತಿಕೊಂಡು ಬಂದೆ.

ಪಶು ಆಸ್ಪತ್ರೆಯ ಡಾಕ್ಟರು ಹಲ್ಲು ನೋಡಿ, "ಹತ್ತು ವರ್ಷ ದಾಟೈತಿ, ಇನ್ನೊಂದೆರಡು ವರ್ಷ ಇದ್ದರ ಪುಣ್ಯ" ಅಂದ್ರು. ಅವ್ವ ಕಟ್ಟೆ ಮೇಲೆ ಕೂತು ಒಂದೇ ಮಾತು ಹೇಳಿದ್ಲು: "ಸಾಯೋದನ್ನ ಯಾಕ ಮನಿಗೆ ತರ್ತಿ? ಹಿಂದಿನ ನಾಯಿ ಹೋದಾಗ ಅತ್ತಿದ್ದು ಸಾಕಾಗೈತಿ ನನಗ."

ನಾನು ಬಿ.ಕಾಂ. ಓದಿದವನು. ಸವಕಳಿ ಲೆಕ್ಕ ಗೊತ್ತು. ಆ ಲೆಕ್ಕದಲ್ಲಿ ಮುತ್ಯಾನ ಬೆಲೆ ಸೊನ್ನೆ. ಅವ್ವನಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಉತ್ತರ ಸಿಕ್ಕಿದ್ದು ಒಂದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನಲ್ಲಿ.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು. ಅಲ್ಲಿ ಸಿಕ್ಕ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ ವರ್ಷ 872, ಅಂದ್ರೆ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ಆಯ್ತು. ಕೃಷ್ಣನ ಪರ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ನಾಡುಗಳನ್ನೇ ಕೊಟ್ಟ. ಆ ಪಟ್ಟಿಯಲ್ಲಿ ಬನವಾಸಿ-12000, ಬೆಳ್ವೊಲ-300 ಜೊತೆ ಪುಲಿಗೆರೆ-300 ಕೂಡ ಇದೆ. ಪುಲಿಗೆರೆ ಅಂದ್ರೆ ಯಾವುದು? ನಮ್ಮ ಲಕ್ಷ್ಮೇಶ್ವರನೇ! ಅದಕ್ಕೆ ಸುಮಾರು ಎಂಟು ವರ್ಷ ಮೊದಲು, 941ರಲ್ಲಿ, ಪಂಪ ತನ್ನ ಭಾರತ ಬರೆದಿದ್ದು ಇದೇ ಪುಲಿಗೆರೆಯ ಕನ್ನಡದಲ್ಲಿ.

ಈಗ ಅದೇ ಕಲ್ಲಿನ ಇನ್ನೊಂದು ಕತೆ. ಬೂತುಗನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೂ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ನಾಡುಗಳನ್ನೇ ಹಂಚುತ್ತಿದ್ದ ಕಾಲದಲ್ಲಿ ನಾಯಿ ಸಾಕು ಅಂದ ಮನುಷ್ಯ! ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಕಾದಾಡಿ ಎರಡೂ ಸತ್ತವು. ಮಣಲೆರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡೋ ಚಿತ್ರ ಇವತ್ತಿಗೂ ಇದೆ.

ಇಷ್ಟು ಕತೆ ನಿಮ್ಮಲ್ಲಿ ತುಂಬಾ ಜನ ರೀಲ್ಸ್‌ನಲ್ಲಿ ಕೇಳಿರ್ತೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಷರತ್ತು. ಆ ಭೂಮಿ ಉಣ್ಣೋ ಗೊರವ, ಅಂದ್ರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ತಾನು ಉಂಡರೆ ಆ ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳುತ್ತೆ ಅಂತ ಅಲ್ಲಿ ಬರೆದಿದೆ. ನಾಯಿ ಸತ್ತಾಗಿದೆ. ಇನ್ನು ಬೇಟೆ ಆಡಲ್ಲ, ಕಾವಲು ಕಾಯಲ್ಲ. ಆದರೂ ಅದರ ಪಾಲು ಮೊದಲು, ನಿನ್ನ ಊಟ ಆಮೇಲೆ.

ಆದರೆ ಒಂದು ಪ್ರಶ್ನೆ ನನ್ನನ್ನು ಕಾಡುತ್ತೆ. ಕಾಳಿ ಆ ದಿನ ಬದುಕಿ ಬಂದಿದ್ರೆ? ಕಾಲು ಕುಂಟಾಗಿ, ಹಲ್ಲು ಬಿದ್ದು, ಇನ್ನೈದು ವರ್ಷ ಬಾಗಿಲಲ್ಲಿ ಮಲಗಿದ್ದಿದ್ರೆ? ಆಗ ಬಹುಶಃ ಕಲ್ಲೂ ಇಲ್ಲ, ಹೆಸರೂ ಇಲ್ಲ. ನಮ್ಮ ವೀರಗಲ್ಲುಗಳೆಲ್ಲ ಕಾದಾಡಿ ಸತ್ತವರಿಗೆ. ದುಡಿದು ಮುಪ್ಪಾದವರಿಗೆ ಯಾರೂ ಕಲ್ಲು ನಿಲ್ಲಿಸಲ್ಲ. ಅವರಿಗೆ ಬೇಕಿರೋದೂ ಕಲ್ಲಲ್ಲ, ಬೆಚ್ಚಗಿನ ಒಂದು ಮೂಲೆ.

ಇದನ್ನು ಅವ್ವನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಆದರೆ ಆ ರಾತ್ರಿ ಟ್ರಂಕಿನಿಂದ ಹಳೆಯ ಕೌದಿ ತೆಗೆದು ಬಾಗಿಲ ಒಳಗೆ ಹಾಸಿದಳು.

ಮುದಿ ನಾಯಿ ತರೋ ಯೋಚನೆ ಇದ್ರೆ ಕೇಳಿ. ಮರಿಯ ಹಾಗೆ ಅದು ಚಪ್ಪಲಿ ಕಡಿದು ಹಾಕೋದು ಕಮ್ಮಿ. ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ, ರೇಬೀಸ್ ಲಸಿಕೆ ಹಾಕಿಸಿ. ಹಲ್ಲಿಲ್ಲದಿದ್ರೆ ಊಟ ಮೆತ್ತಗೆ ಮಾಡಿ ಕೊಡಿ. ನಮ್ಮ ಕಡೆ ರೊಟ್ಟಿ ಜೊತೆ ಉಳ್ಳಾಗಡ್ಡಿ ಬಿಡಲ್ಲ, ನಾಯಿಗೆ ಮಾತ್ರ ಉಳ್ಳಾಗಡ್ಡಿ ವಿಷ. ಕಣ್ಣು ಮಬ್ಬಾಗಿದ್ರೆ ನೀರಿನ ಬೋಗುಣಿಯ ಜಾಗ ಬದಲಿಸಬೇಡಿ. ಮೊದಲ ಕೆಲವು ವಾರ ಅದು ಹಳೇ ಮನೆ ಹುಡುಕುತ್ತೆ. ಬೇಜಾರು ಮಾಡ್ಕೋಬೇಡಿ. ಮುತ್ಯಾ ಕೂಡ ಒಂದು ತಿಂಗಳು ದಿನಾ ಸಂಜೆ ಆ ಬೀಗದ ಬಾಗಿಲಿಗೆ ಹೋಗಿ ಬರ್ತಿದ್ದ. ನಾನು ಜೊತೆಗೆ ಹೋಗಿ ನಿಲ್ತಿದ್ದೆ. ಒಂದು ದಿನ ಅವನೇ ಅರ್ಧ ದಾರಿಯಿಂದ ತಿರುಗಿ ನಮ್ಮನೆ ಕಡೆ ನಡೆದ.

ಇನ್ನೆಷ್ಟು ದಿನ ಇರ್ತಾನೋ, ಲೆಕ್ಕ ಹಾಕೋದು ಬಿಟ್ಟಿದ್ದೇನೆ. ಈಗ ಅಡುಗೆ ಮನೆಯಿಂದ ಅವ್ವನ ದನಿ ಬರ್ತಿದೆ: "ಮೊದಲು ಅವಂಗ ಹಾಕು, ಆಮ್ಯಾಲೆ ನೀ ಉಣ್ಣು."

ಹೋಗ್ಬೇಕು. ಮುಂದಿನ ವಾರ ಸಿಗೋಣ.