ಹೊಟ್ಟೆ ತೊಳೆಯುವ ಕಥೆ

ನಾವು ನಾಲ್ಕು ಜನ ಹೆಂಗಸರು ಸೇರಿದರೆ ಸೊಂಟನೋವು, ಬಿ.ಪಿ., ಸಕ್ಕರೆ ಕಾಯಿಲೆ ಎಲ್ಲವನ್ನೂ ಧಾರಾಳವಾಗಿ ಮಾತಾಡುತ್ತೇವೆ. ಮಲಬದ್ಧತೆಯ ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತದೆ. ಆ ಪಿಸುಮಾತಿನ ಸಂದಿಯಲ್ಲೇ ಜಾಹೀರಾತು ನುಸುಳುವುದು. ಕರುಳಿನ ಗೋಡೆಗೆ ವರ್ಷಗಟ್ಟಲೆಯ ಕೊಳೆ ಅಂಟಿಕೊಂಡಿರುತ್ತದಂತೆ. ನಾರಿನ ಪುಡಿಗೆ ಜೇಡಿಮಣ್ಣು ಕಲಸಿ ಕುಡಿದರೆ ಎಲ್ಲ ಕಿತ್ತುಬರುತ್ತದಂತೆ. ನಮ್ಮ ಸ್ಟಾಫ್ ರೂಮಿನಲ್ಲೂ ಈ ಮಾತು ಕೇಳಿದ್ದೇನೆ. ಇತಿಹಾಸ ಪಾಠ ಮಾಡುವವಳಾದ್ದರಿಂದ ಈ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ.

ಹೊಟ್ಟೆ ತೊಳೆಯುವುದು ನಮಗೇನೂ ಹೊಸದಲ್ಲ. ನಾವು ಚಿಕ್ಕವರಿದ್ದಾಗ ಆಗಾಗ ಒಂದು ಭಾನುವಾರ ಬೆಳಿಗ್ಗೆ ಅಮ್ಮ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದಳು. ಅಂದು ಊಟ ತಿಳಿಸಾರು, ಅನ್ನ. ಹರಳೆಣ್ಣೆ ಕರುಳನ್ನು ಕೆರಳಿಸಿ ಓಡಿಸುತ್ತದೆ. ನಾರಿನ ಕೆಲಸ ಬೇರೆ. ಇಸಬ್‌ಗೋಲಿನ ಹೊಟ್ಟು ನೀರನ್ನು ಹೀರಿ ಲೋಳೆಯಂತೆ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ. ಆ ಹೆಸರು ಪಾರ್ಸಿ ಭಾಷೆಯದು. ಬೀಜದ ಆಕಾರ ನೋಡಿ 'ಕುದುರೆ ಕಿವಿ' ಎಂದು ಕರೆದರು. ಅಲ್ಲಿಯ 'ಅಸ್ಪ್' ನಮ್ಮ 'ಅಶ್ವ'ದ ಬಂಧುವೇ. ಈ ಬೆಳೆ ಹೆಚ್ಚಾಗಿ ಗುಜರಾತ್, ರಾಜಸ್ಥಾನಗಳದು. 1934ರಲ್ಲಿ ಅಮೆರಿಕದ ಸರ್ಲ್ ಕಂಪನಿ ಇದೇ ಜಾತಿಯ ಹೊಟ್ಟನ್ನು ಮೆಟಾಮ್ಯುಸಿಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು.

ಮಣ್ಣಿನ ಕಥೆ ಇನ್ನೂ ಹಳೆಯದು. ಗ್ರೀಸಿನ ಲೆಮ್ನೋಸ್ ದ್ವೀಪದ ಜೇಡಿಯನ್ನು ಬಿಲ್ಲೆ ಮಾಡಿ, ಮುದ್ರೆಯೊತ್ತಿ, ವಿಷಕ್ಕೆ ಮದ್ದೆಂದು ಮಾರುತ್ತಿದ್ದರು. 2ನೆಯ ಶತಮಾನದ ವೈದ್ಯ ಗ್ಯಾಲೆನ್ ಅದನ್ನು ಕಣ್ಣಾರೆ ನೋಡಲು ಅಲ್ಲಿಗೆ ಹೋಗಿದ್ದ. ಗಾಂಧೀಜಿಯವರು ಜರ್ಮನಿಯ ಅಡಾಲ್ಫ್ ಯೂಸ್ಟ್‌ರ ಪುಸ್ತಕ ಓದಿ ಮಲಬದ್ಧತೆಗೆ ಮಣ್ಣಿನ ಪಟ್ಟಿ ಹಾಕಿಕೊಂಡರು. ಆದರೆ ಅದು ಹೊಟ್ಟೆಯ ಮೇಲೆ, ಒಳಗಲ್ಲ.

ಹಾಗಾದರೆ ಕರುಳಿನಲ್ಲಿ ವಿಷವಿದೆ ಎಂಬ ಭಯ ಎಲ್ಲಿಂದ ಬಂತು? 1887ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಲ್ ಬುಶಾರ್ ತಮ್ಮ ಉಪನ್ಯಾಸಗಳನ್ನು ಪುಸ್ತಕವಾಗಿ ತಂದರು. ಕರುಳಿನಲ್ಲಿ ಕೊಳೆಯುವುದೆಲ್ಲ ರಕ್ತಕ್ಕೆ ಸೇರಿ ದೇಹವನ್ನು ವಿಷಮಾಡುತ್ತದೆ ಎಂಬುದು ಅವರ ವಾದ. ಲಂಡನ್ನಿನ ಶಸ್ತ್ರವೈದ್ಯ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಇದನ್ನು ನಂಬಿ, ಮಲಬದ್ಧತೆಯವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಅವರ ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ಕೆಲವರು ಸತ್ತೇಹೋದರು. ಹೊಟ್ಟೆ ಕಟ್ಟಿದ್ದಕ್ಕೆ ಕರುಳನ್ನೇ ತೆತ್ತ ಆ ಅಕ್ಕತಂಗಿಯರನ್ನು ನೆನೆದರೆ ಇಂದಿಗೂ ಕಸಿವಿಸಿಯಾಗುತ್ತದೆ.

1919ರಲ್ಲಿ ಅಮೆರಿಕದ ವಾಲ್ಟರ್ ಅಲ್ವಾರೆಜ್ ಸರಳ ಪ್ರಶ್ನೆಯೊಂದನ್ನೆತ್ತಿದರು. ಶೌಚವಾದ ತಕ್ಷಣ ತಲೆನೋವು, ಬೇಸರ ಇಳಿಯುತ್ತದಲ್ಲ, ರಕ್ತದಲ್ಲಿ ವಿಷವಿದ್ದರೆ ಅಷ್ಟು ಬೇಗ ಇಳಿದೀತೆ? ತೊಂದರೆ ತುಂಬಿದ ಕರುಳಿನ ಒತ್ತಡದ್ದು. ಮುಂದೆ ಗುದನಾಳದಲ್ಲಿ ಬರೀ ಹತ್ತಿ ತುಂಬಿಸಿಕೊಂಡ ಸ್ವಯಂಸೇವಕರಿಗೂ ಅದೇ ತಲೆನೋವು, ಅದೇ ಬೇಸರ ಬಂದವು. ಹತ್ತಿಯಲ್ಲಿ ಎಲ್ಲಿಯ ವಿಷ!

ವೈದ್ಯರು ಕೈಬಿಟ್ಟದ್ದನ್ನು ವ್ಯಾಪಾರಿಗಳು ಕೈಬಿಡಲಿಲ್ಲ. ಅಮೆರಿಕದಲ್ಲಿ ವಿ.ಇ. ಐರನ್ಸ್ ಎಂಬಾತ ನಾರಿನ ಹೊಟ್ಟಿಗೆ ಬೆಂಟೊನೈಟ್ ಎಂಬ ಜೇಡಿ ಸೇರಿಸುವ ಪದ್ಧತಿಯನ್ನು ಪ್ರಚಾರ ಮಾಡಿದ. ಇವೆರಡನ್ನೂ ಕುಡಿದು ಉಪವಾಸವಿದ್ದರೆ ಹಗ್ಗದಂಥ ಕಪ್ಪನೆಯ ವಸ್ತು ಹೊರಬೀಳಬಹುದು. ಅದು ಹಳೆಯ ಕೊಳೆಯಲ್ಲ, ನಾವು ಕುಡಿದ ನಾರು, ಮಣ್ಣುಗಳೇ ಒಳಗೆ ಗಟ್ಟಿಯಾಗಿ ಬಂದದ್ದು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ತಾನೇ ಹೊಸದಾಗುತ್ತದೆ. ವರ್ಷಗಟ್ಟಲೆ ಅಂಟಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಮಣ್ಣಿನಲ್ಲಿ ಬೇರೆ ಅಪಾಯವೂ ಉಂಟು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಕೆಲವು ಬೆಂಟೊನೈಟ್ ಪುಡಿಗಳಲ್ಲಿ ಸೀಸ ಕಂಡು ಎಚ್ಚರಿಕೆ ಕೊಟ್ಟಿತು. ಬಸುರಿಯರಿಗೂ ಮಕ್ಕಳಿಗೂ ಸೀಸ ಎಂಥ ಶತ್ರು ಎಂದು ಬೇರೆ ಹೇಳಬೇಕಿಲ್ಲ.

ಇಸಬ್‌ಗೋಲ್ ಮಾತ್ರ ಪರೀಕ್ಷೆಯಲ್ಲಿ ಪಾಸಾಗಿದೆ. ದೊಡ್ಡ ಲೋಟದ ತುಂಬ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬೇರೆ ಮಾತ್ರೆಗಳಿದ್ದರೆ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ನಿಜವಾದ ಕಾಯಿಲೆ ನಮ್ಮ ಸಂಕೋಚದಲ್ಲಿದೆ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ನೀರೇ ಕುಡಿಯದ ಹುಡುಗಿಯರನ್ನು ನೋಡಿದ್ದೇನೆ. ದೂರದ ಬಸ್ಸು ಹತ್ತುವ ಮೊದಲು ನೀರಿನ ಬಾಟಲಿ ಮುಟ್ಟದ ಟೀಚರುಗಳೂ ಇದ್ದಾರೆ. ಬೆಳಿಗ್ಗೆ ಒತ್ತಡ ಬಂದರೂ ಎಲ್ಲರ ಡಬ್ಬಿ ಕಟ್ಟಿ ಮುಗಿಯಲಿ ಎಂದು ತಡೆದುಕೊಳ್ಳುವ ಗೃಹಿಣಿ ಯಾರ ಮನೆಯಲ್ಲಿಲ್ಲ? ಇದಕ್ಕೆ ಯಾವ ಮಣ್ಣೂ ಮದ್ದಲ್ಲ. ನೀರು, ಸೊಪ್ಪು, ಸಿಪ್ಪೆ ಸಮೇತದ ಕಾಳು, ಹೊತ್ತಿಗೆ ಸರಿಯಾಗಿ ಐದು ನಿಮಿಷದ ಬಿಡುವು, ಇಷ್ಟು ಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರೂಢಿ ಇದ್ದಕ್ಕಿದ್ದಂತೆ ಬದಲಾದರೆ ಪೊಟ್ಟಣ ಹುಡುಕಬೇಡಿ, ಡಾಕ್ಟರ ಬಳಿ ಹೋಗಿ. ಅಲ್ಲಿ ದನಿ ತಗ್ಗಿಸಬೇಡಿ.