ಮಲಗುವ ಕೋಣೆಯಲ್ಲಿ ಪ್ರಭುತ್ವ

ರಷ್ಯಾದ ಯೆವ್ಗೆನಿ ಜಮ್ಯಾಟಿನ್ 1920–21ರಲ್ಲಿ ಬರೆದ ‘ವಿ’ ಕಾದಂಬರಿಯ ಜನ ಗಾಜಿನ ಮನೆಗಳಲ್ಲಿ ಬದುಕುತ್ತಾರೆ. ಯಾರು ಯಾರೊಡನೆ ಕೂಡಬೇಕೆಂಬುದಕ್ಕೆ ಗುಲಾಬಿ ಬಣ್ಣದ ಚೀಟಿಯಿದೆ. ಚೀಟಿಯಿದ್ದ ದಿನ ಮಾತ್ರ ಪರದೆ ಎಳೆದುಕೊಳ್ಳಬಹುದು. ಡಿಸ್ಟೋಪಿಯಾ, ಅಂದರೆ ಕೆಟ್ಟ ಕನಸಿನಂಥ ಸಮಾಜವನ್ನು ಚಿತ್ರಿಸುವ, ಕಾದಂಬರಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ನನಗೆ ಅದೇ ಹೊತ್ತಿನ ಹೈದರಾಬಾದು ಕಣ್ಣಮುಂದೆ ಬರುತ್ತದೆ. 1919ರಲ್ಲಿ, ಅಂದರೆ ಅಲ್ಲಿನ ಫಸಲಿ ಶಕೆ 1329ರಲ್ಲಿ, ನಿಜಾಮರ ಸರ್ಕಾರ ಹಿಜ್ರಾಗಳ ಮೇಲೆ ಒಂದು ಕಾಯ್ದೆ ತಂದಿತು. ಶಂಕೆಗೆ ಒಳಗಾದವರ ಹೆಸರು, ವಿಳಾಸ ರಿಜಿಸ್ಟರಿಗೆ ಏರಬೇಕು. ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಹಾಡಿ ಕುಣಿದರೆ ವಾರಂಟಿಲ್ಲದೆ ಬಂಧನ, ಎರಡು ವರ್ಷದವರೆಗೆ ಸಜೆ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಇದಕ್ಕೆ ಮೇಲ್ಪಂಕ್ತಿ.

ಪಶ್ಚಿಮದ ಕಾದಂಬರಿ ಮುಂದೆ ಎರಡು ದಾರಿ ಹಿಡಿಯಿತು. ಹಕ್ಸ್‌ಲಿ 1932ರಲ್ಲಿ ಕಾಮವನ್ನು ಧಾರಾಳವಾಗಿ ಹಂಚಿ ಪ್ರೀತಿಯನ್ನು ಕಿತ್ತುಕೊಳ್ಳುವ ರಾಜ್ಯವನ್ನು ಕಲ್ಪಿಸಿದರೆ, ಆರ್ವೆಲ್ 1949ರಲ್ಲಿ ಕಾಮವನ್ನೇ ಹತ್ತಿಕ್ಕುವ ಪಕ್ಷವನ್ನು ತೋರಿಸಿದ. ಇವರಿಬ್ಬರ ನಡುವೆ ಕ್ಯಾಥರೀನ್ ಬರ್ಡೆಕಿನ್ ಮರೆತುಹೋದಳು. ಗಂಡಸಿನ ಹೆಸರಿಟ್ಟುಕೊಂಡು 1937ರಲ್ಲಿ ಅವಳು ಪ್ರಕಟಿಸಿದ ‘ಸ್ವಸ್ತಿಕ ನೈಟ್’ನಲ್ಲಿ ನಾಜಿಗಳು ನೂರಾರು ವರ್ಷ ಆಳಿದ್ದಾರೆ; ಹೆಂಗಸರನ್ನು ಹೆರುವುದಕ್ಕೆಂದೇ ದೊಡ್ಡಿಯಲ್ಲಿ ಕೂಡಿಟ್ಟಿದ್ದಾರೆ. ಮಾರ್ಗರೆಟ್ ಅಟ್ವುಡ್ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಬರೆಯುವ ಹೊತ್ತಿಗೆ (1985) ಇದು ಬರೀ ಕಲ್ಪನೆಯಾಗಿರಲಿಲ್ಲ. ರೊಮೇನಿಯಾದ ಸರ್ವಾಧಿಕಾರಿ ಚೌಸೆಸ್ಕು 1966ರಲ್ಲೇ ಗರ್ಭಪಾತ ನಿಷೇಧಿಸಿ, ಮುಂದೆ ಹೆಂಗಸರು ದುಡಿಯುವಲ್ಲೇ ಬಸಿರಿನ ತಪಾಸಣೆ ಮಾಡಿಸಿದ್ದ. ಚರಿತ್ರೆಯಲ್ಲಿ ನಡೆಯದ ಯಾವುದನ್ನೂ ಕಾದಂಬರಿಗೆ ತರಲಿಲ್ಲವೆಂದು ಅಟ್ವುಡ್ ಹೇಳಿಕೊಂಡಿದ್ದಾರೆ.

ನಮ್ಮ ನೆಲದಲ್ಲಿ ಈ ಬರವಣಿಗೆಯ ಬೇರು ಭವಿಷ್ಯದ ಕಥೆಗಳಲ್ಲಿಲ್ಲ, ಹೈದರಾಬಾದಿನ ದೇವಡಿಗಳಲ್ಲಿ, ಅಂದರೆ ಸಿರಿವಂತರ ದೊಡ್ಡ ಮನೆಗಳಲ್ಲಿ, ಇದೆ ಎಂಬುದು ನನ್ನ ನಂಬಿಕೆ. ಉರ್ದು ಲೇಖಕಿ ವಾಜಿದಾ ತಬಸ್ಸುಮ್ ಅವರ ‘ಉತರನ್’ ಕಥೆಯ ಕೆಲಸದ ಹುಡುಗಿ ಒಡತಿ ಬಿಟ್ಟುಕೊಟ್ಟ ಹಳೆಬಟ್ಟೆ ತೊಟ್ಟೇ ಬೆಳೆಯುತ್ತಾಳೆ. ಕೊನೆಗೆ ಮದುವೆಯ ಹಿಂದಿನ ರಾತ್ರಿ ಒಡತಿಯ ವರನನ್ನೇ ಮೊದಲು ಕೂಡಿ, ಅವನನ್ನೂ ತಾನು ಬಿಟ್ಟುಕೊಟ್ಟ ಹಳೆಬಟ್ಟೆಯಾಗಿಸುತ್ತಾಳೆ. ಅಶ್ಲೀಲವೆಂದು ಜನ ವಾಜಿದಾರನ್ನು ಜರೆದರು. ಆದರೆ ಯಾರ ಮೈ ಯಾರ ಸೊತ್ತು ಎಂಬ ಪ್ರಶ್ನೆಯನ್ನು ಅವರಷ್ಟು ನೇರವಾಗಿ ಕೇಳಿದವರು ಕಡಿಮೆ. ಇಲ್ಲಿ ಕಾವಲಿಗೆ ಗುಪ್ತ ಪೊಲೀಸರು ಬೇಕಿಲ್ಲ, ಮನೆಯವರೇ ಸಾಕು.

ಇಂಗ್ಲಿಷಿನಲ್ಲಿ ಬರೆಯುವ ನಮ್ಮವರು ಮನೆಯೊಳಗಿನ ಈ ಕಾವಲನ್ನು ಬಲ್ಲರು. ಮಂಜುಳಾ ಪದ್ಮನಾಭನ್ ಅವರ ‘ಎಸ್ಕೇಪ್’ (2008) ಹೆಂಗಸರನ್ನೆಲ್ಲ ಅಳಿಸಿಹಾಕಿದ ನಾಡಿನ ಕಥೆ. ಉಳಿದೊಬ್ಬ ಹುಡುಗಿಯನ್ನು ಬಚ್ಚಿಟ್ಟು ಸಾಕುವ ಮೂವರು ದೊಡ್ಡಪ್ಪ-ಚಿಕ್ಕಪ್ಪಂದಿರೇ ಔಷಧಿ ಕೊಟ್ಟು ಅವಳು ಮೈನೆರೆಯದಂತೆ ತಡೆಯುತ್ತಾರೆ. ಪ್ರೀತಿಯೂ ಹಿಡಿತವೂ ಒಂದೇ ಕೈಯಿಂದ ಬರುವ ಆ ಸಂಕಟ ಪಶ್ಚಿಮದ ಕಾದಂಬರಿಗಳಲ್ಲಿ ನನಗೆ ಸಿಕ್ಕಿಲ್ಲ. ಪ್ರಯಾಗ್ ಅಕ್ಬರ್ ಅವರ ‘ಲೈಲಾ’ (2017) ಜಾತಿ, ಮತಕ್ಕೊಂದು ಗೋಡೆ ಕಟ್ಟಿಕೊಂಡ ನಗರವನ್ನು ಚಿತ್ರಿಸುತ್ತದೆ; ಅಲ್ಲಿ ಮತ ಮೀರಿ ಮದುವೆಯಾದವಳ ಮಗಳನ್ನು ಕಸಿದುಕೊಂಡು, ಅವಳನ್ನು ಶುದ್ಧೀಕರಣದ ಶಿಬಿರಕ್ಕೆ ತಳ್ಳುತ್ತಾರೆ.

ಇವೆಲ್ಲ ಕಥೆಯಾದರೆ, ಮೊದಲು ಹೇಳಿದ ಹೈದರಾಬಾದಿನ ಹಿಜ್ರಾ ಕಾಯ್ದೆ ಕಥೆಯಲ್ಲ: ಅದು ಸಂವಿಧಾನಕ್ಕೆ ವಿರುದ್ಧವೆಂದು ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರ ಜುಲೈಯಲ್ಲಿ. ಕನ್ನಡಿಗರು ದೂರ ನಿಂತು ಬೆರಳು ತೋರಿಸುವಂತಿಲ್ಲ: 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮೂ ಹಿಜ್ರಾಗಳ ರಿಜಿಸ್ಟರಿನ ಮಾತನ್ನೇ ಆಡಿತ್ತು. ಹಿಜ್ರಾ ಲೇಖಕಿ ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿದೆ. ಅದರಲ್ಲಿ ಪೊಲೀಸರ ಹಿಂಸೆ ಬರುವ ಪುಟಗಳನ್ನು ಆರ್ವೆಲ್ಲನ ಪಕ್ಕದಲ್ಲಿಟ್ಟು ಓದಬೇಕು.